ಸಣ್ಣ ಹಿಡುವಳಿಗೆ ಒಕ್ಕಣೆ ಯಂತ್ರ: ಅಳತೆಯಿಂದ ಪರೀಕ್ಷೆಯವರೆಗೆ

ಕಡಿಮೆ ಖರ್ಚಿನಲ್ಲಿ ಒಕ್ಕಣೆ ಯಂತ್ರವನ್ನು ಊರಿನ ವೆಲ್ಡಿಂಗ್ ಶೆಡ್ಡಿನಲ್ಲಿಯೇ ಮಾಡಿಸಬಹುದೇ, ತೆನೆಗೆ ಬಡಿದು ಕಾಳು ಬಿಡಿಸುವ, ಹಲ್ಲುಗಳಿರುವ ತಿರುಗು ಉರುಳೆ ಅಂದರೆ ಡ್ರಮ್ ಎಷ್ಟು ದೊಡ್ಡದಿರಬೇಕು, ಎಷ್ಟು ಅಶ್ವಶಕ್ತಿಯ ಮೋಟಾರು ಸಾಕು, ಕಾಳು ಒಡೆಯುವುದು ಏಕೆ ಎಂಬ ಪ್ರಶ್ನೆಗಳನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಬಿಡಿ ಬಿಡಿಯಾಗಿ ಉತ್ತರಿಸಿದರೆ ಒಂದು ಅಳತೆಗೂ ಇನ್ನೊಂದಕ್ಕೂ ಇರುವ ಸಂಬಂಧ ತಿಳಿಯುವುದಿಲ್ಲವಾದ್ದರಿಂದ, ಇಡೀ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ತೆನೆಯಿಂದ ಕಾಳು ಬಿಡಿಸಿ, ಹೊಟ್ಟನ್ನು ಗಾಳಿಗೆ ತೂರಿ, ಜರಡಿ ಹಿಡಿದು ಕೊಡುವ ಸಣ್ಣ ಯಂತ್ರವೊಂದನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಸಿಪ್ಪೆ ತೆಗೆಯುವ ಅಥವಾ ಕಾಳು ಶುಚಿ ಮಾಡುವ ಯಂತ್ರ ಮಾಡುವವರಿಗೂ ಅಳತೆ, ರಕ್ಷಣೆ ಮತ್ತು ಪರೀಕ್ಷೆಯ ಭಾಗಗಳು ಉಪಯೋಗಕ್ಕೆ ಬರುತ್ತವೆ.

ಒಂದು ಮಾತನ್ನು ಮೊದಲೇ ಹೇಳಬೇಕು. ತೆಳು ತಗಡು, ಸಪೂರ ಷಾಫ್ಟು, ಅಗ್ಗದ ಬೇರಿಂಗ್ ಹಾಕಿ ಉಳಿಸಿದ ಹಣವು ಮೊದಲ ಸುಗ್ಗಿಯಲ್ಲಿಯೇ ರಿಪೇರಿಗೆ ಹೋಗುತ್ತದೆ. ರೈತನಿಗೆ ನಿಜವಾಗಿ ಅಗ್ಗವಾಗುವುದು ಬೆಳೆಗೆ ತಕ್ಕಂತೆ ಹೊಂದಿಸಿಕೊಳ್ಳಬಹುದಾದ, ಸವೆದ ಭಾಗವನ್ನು ಹೊಲದ ಬದಿಯಲ್ಲಿಯೇ ಬಿಚ್ಚಿ ಬದಲಿಸಬಹುದಾದ ಯಂತ್ರ. ಮುಂದಿನ ಪ್ರತಿ ಹಂತದಲ್ಲಿಯೂ ಈ ಎರಡನ್ನೇ ಮುಖ್ಯವಾಗಿ ನೋಡಿದ್ದೇನೆ.

ಬೇಕಾಗುವ ಸಲಕರಣೆ ಹೆಚ್ಚೇನಿಲ್ಲ. ಆರ್ಕ್ ವೆಲ್ಡಿಂಗ್, ಗ್ರೈಂಡರ್, ಡ್ರಿಲ್ಲಿಂಗ್ ಯಂತ್ರ ಇರುವ ಶೆಡ್, ಷಾಫ್ಟನ್ನು ತಿರುವಿಸಿಕೊಳ್ಳಲು ಹತ್ತಿರದಲ್ಲೊಂದು ಲೇತ್, ವರ್ನಿಯರ್ ಕ್ಯಾಲಿಪರ್, ಗ್ರಾಂ ತೋರಿಸುವ ತಕ್ಕಡಿ ಮತ್ತು ಸುತ್ತುವೇಗವನ್ನು ಅಳೆಯುವ ಟ್ಯಾಕೋಮೀಟರ್ ಇದ್ದರೆ ಸಾಕು. ತಕ್ಕಡಿಯನ್ನೂ ಕ್ಯಾಲಿಪರನ್ನೂ ಹೆಚ್ಚಿನವರು ಕೈಬಿಡುತ್ತಾರೆ, ಆದರೆ ಈ ಕೆಲಸದಲ್ಲಿ ವೆಲ್ಡಿಂಗ್ ಯಂತ್ರದಷ್ಟೇ ಅವೂ ಮುಖ್ಯ.

1. ಯಂತ್ರ ಮಾಡಬೇಕಾದ ಕೆಲಸವನ್ನು ನಿಗದಿ ಮಾಡಿಕೊಳ್ಳಿ

ಎಲ್ಲ ಬೆಳೆಗೂ ಒಂದೇ ಯಂತ್ರ ಎಂಬ ಆಸೆಯಿಂದ ಆರಂಭಿಸಿದವರು ಯಾವ ಬೆಳೆಗೂ ಸರಿಯಾಗಿ ಹೊಂದದ ಯಂತ್ರವನ್ನು ಮಾಡಿಕೊಂಡು ಕೂರುತ್ತಾರೆ. ಮುಖ್ಯ ಬೆಳೆ ಒಂದನ್ನು ಆರಿಸಿಕೊಳ್ಳಿ. ಎರಡನೆಯ ಬೆಳೆಗೆ ವೇಗ, ಡ್ರಮ್ಮಿಗೂ ಅದರ ಕೆಳಗಿನ ಜಾಲರಿಗೂ ನಡುವಿನ ಸಂದು ಮತ್ತು ಜರಡಿ ಬದಲಿಸಿ ಹೊಂದಿಸಿಕೊಳ್ಳಲು ಅವಕಾಶ ಇಟ್ಟರೆ ಸಾಕು. ಯಂತ್ರವನ್ನು ಬಳಸುವವರ ಒಟ್ಟು ಬೆಳೆ ಎಷ್ಟು, ಸುಗ್ಗಿಯಲ್ಲಿ ಒಕ್ಕಣೆಗೆ ಸಿಗುವ ದಿನಗಳೆಷ್ಟು, ದಿನಕ್ಕೆ ಎಷ್ಟು ಗಂಟೆ ಯಂತ್ರ ಓಡೀತು ಎಂಬುದನ್ನು ಬರೆದುಕೊಂಡು ಭಾಗಿಸಿದರೆ ಗಂಟೆಗೆ ಎಷ್ಟು ಕೆ.ಜಿ. ಕಾಳು ಬರಬೇಕೆಂಬುದು ತಿಳಿಯುತ್ತದೆ. ಈ ಲೆಕ್ಕ ಹಾಕಿದವರಲ್ಲಿ ಅನೇಕರಿಗೆ ತಾವು ಅಂದುಕೊಂಡದ್ದಕ್ಕಿಂತ ಚಿಕ್ಕ ಯಂತ್ರವೇ ಸಾಕೆಂದು ಗೊತ್ತಾಗುತ್ತದೆ.

2. ಕಾಳನ್ನೂ ಹುಲ್ಲನ್ನೂ ಅಳೆಯಿರಿ

ನಕ್ಷೆ ಬರೆಯುವ ಮೊದಲು ಬೆಳೆಯ ಮಾದರಿಯನ್ನು ತಂದು ಮೇಜಿನ ಮೇಲೆ ಹರಡಿಕೊಳ್ಳಿ. ನೂರು ಕಾಳುಗಳನ್ನು ಎಣಿಸಿ, ಪ್ರತಿಯೊಂದರ ಉದ್ದ, ಅಗಲ ಮತ್ತು ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆದು ಬರೆಯಿರಿ. ಬೇಸರದ ಕೆಲಸವಾದರೂ ಜರಡಿಯ ತೂತು ನಿರ್ಧಾರವಾಗುವುದು ಇಲ್ಲಿಯೇ: ದುಂಡನೆಯ ತೂತು ಕಾಳನ್ನು ಅದರ ಅಗಲದ ಮೇಲೆ ಬೇರ್ಪಡಿಸಿದರೆ, ಉದ್ದನೆಯ ಸೀಳುತೂತು ದಪ್ಪದ ಮೇಲೆ ಬೇರ್ಪಡಿಸುತ್ತದೆ. ಒಂದೇ ಅಗಲದ ಗಟ್ಟಿ ಕಾಳನ್ನೂ ಜೊಳ್ಳನ್ನೂ ದುಂಡು ತೂತಿನ ಜರಡಿ ಎಷ್ಟು ಅಲ್ಲಾಡಿಸಿದರೂ ಬೇರ್ಪಡಿಸಲಾರದು.

ಬಳಿಕ ಒಂದು ಕೆ.ಜಿ. ಕಟಾವಾದ ತೆನೆಯನ್ನು ಹುಲ್ಲಿನ ಸಮೇತ ತೂಗಿ, ಕೈಯಲ್ಲಿಯೇ ಕಾಳು ಬಿಡಿಸಿ, ಕಾಳು ಮತ್ತು ಹುಲ್ಲಿನ ತೂಕವನ್ನು ಪ್ರತ್ಯೇಕವಾಗಿ ಬರೆಯಿರಿ. ಹುಲ್ಲಿನ ಪಾಲು ಹೆಚ್ಚಾದಷ್ಟೂ ಮೋಟಾರಿನ ಶಕ್ತಿ ಹುಲ್ಲನ್ನು ಎಳೆಯುವುದಕ್ಕೇ ಹೋಗುತ್ತದೆ. ಹುಲ್ಲಿನ ಉದ್ದವನ್ನೂ ಅಳೆದಿಡಿ, ಡ್ರಮ್ಮಿನ ಗಾತ್ರ ನಿರ್ಧರಿಸುವಾಗ ಅದು ಬೇಕಾಗುತ್ತದೆ.

ಮೂರನೆಯ ಅಳತೆ ತೇವಾಂಶ, ಅಂದರೆ ಕಾಳಿನ ಒಟ್ಟು ತೂಕದಲ್ಲಿ ನೀರಿನ ಪಾಲು. ಒದ್ದೆ ತೆನೆಯಿಂದ ಕಾಳು ಬಿಡುವುದಿಲ್ಲ, ಹುಲ್ಲು ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಅತಿಯಾಗಿ ಒಣಗಿದರೆ ಕಾಳು ಸೀಳುತ್ತದೆ. ತೇವಾಂಶ ಮಾಪಕ ಇಲ್ಲದಿದ್ದರೆ ಒಣ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು ಮತ್ತು ಚೆನ್ನಾಗಿ ಒಣಗಿಸಿದ ಉಪ್ಪನ್ನು ಹಾಕಿ, ಕೆಲವು ನಿಮಿಷ ಕುಲುಕಿ, ಹಾಗೆಯೇ ಇಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವಾಂಶ ಸುಮಾರು ಶೇ. 15ಕ್ಕಿಂತ ಹೆಚ್ಚಿದೆ ಎಂದು ತಿಳಿಯಬಹುದು. ಇದು ಅಂದಾಜಿಗೆ ಮಾತ್ರ. ಯಂತ್ರದ ಅಂತಿಮ ಪರೀಕ್ಷೆಯ ದಿನ ಮಾಪಕವನ್ನು ಎರವಲು ತಂದಾದರೂ ಅಳೆಯಿರಿ.

3. ಶಕ್ತಿಯ ಮೂಲವನ್ನು ತೀರ್ಮಾನಿಸಿ

ವಿದ್ಯುತ್ ಇಲ್ಲದ ಕಡೆ ಪೆಡಲ್ ಹಾಕಿಬಿಡೋಣ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಆರೋಗ್ಯವಂತ ವ್ಯಕ್ತಿಯೊಬ್ಬರು ಬಹಳ ಹೊತ್ತು ಬಿಡದೆ ಪೆಡಲ್ ತುಳಿದು ಕೊಡಬಹುದಾದ ಶಕ್ತಿ ಸುಮಾರು 75 ವಾಟ್ ಮಾತ್ರ, ಕೈಯಿಂದ ತಿರುಗಿಸಿದರೆ ಇನ್ನೂ ಕಡಿಮೆ. ಒಂದು ಅಶ್ವಶಕ್ತಿ ಎಂದರೆ 746 ವಾಟ್. ಹೀಗಾಗಿ 3 ಅಶ್ವಶಕ್ತಿಯ ಮೋಟಾರು ಮಾಡುವ ಕೆಲಸಕ್ಕೆ ಸುಮಾರು ಮೂವತ್ತು ಮಂದಿ ತುಳಿಯಬೇಕಾಗುತ್ತದೆ. ಆದ್ದರಿಂದ ಪೆಡಲ್ ಶಕ್ತಿಯು ಮೆಕ್ಕೆಜೋಳದ ತೆನೆ ಬಿಡಿಸಲು, ಕಾಳನ್ನು ತೂರಲು ಅಥವಾ ಭತ್ತದ ಕಂತೆಯ ಬುಡವನ್ನು ಕೈಯಲ್ಲಿ ಹಿಡಿದು ತೆನೆಯ ಭಾಗವನ್ನಷ್ಟೇ ತಂತಿಕುಣಿಕೆಯ ಡ್ರಮ್ಮಿಗೆ ಒಡ್ಡಲು ಸಾಕಾಗುತ್ತದೆ. ಹುಲ್ಲಿನ ಸಮೇತ ಒಳಗೆ ಎಳೆದುಕೊಳ್ಳುವ ಯಂತ್ರಕ್ಕೆ ಮೋಟಾರು ಅಥವಾ ಎಂಜಿನ್ ಬೇಕೇ ಬೇಕು.

ಇಲ್ಲಿ ವಿವರಿಸುತ್ತಿರುವ ಗಾತ್ರದ ಯಂತ್ರಕ್ಕೆ 3 ಅಶ್ವಶಕ್ತಿಯ, ನಿಮಿಷಕ್ಕೆ 1440 ಸುತ್ತು ತಿರುಗುವ ಮೋಟಾರಿನಿಂದ ಆರಂಭಿಸಬಹುದು. ಎಂಜಿನ್ ಬಳಸುವವರು ಅದರ ಹೊಗೆಕೊಳವೆಯನ್ನು ಹುಲ್ಲು ಬೀಳುವ ದಿಕ್ಕಿಗೆ ಎಂದಿಗೂ ತಿರುಗಿಸಬಾರದು. ಒಣಹುಲ್ಲಿಗೆ ಒಂದು ಕಿಡಿ ಸಾಕು.

4. ಡ್ರಮ್ ಮತ್ತು ಅದರ ವೇಗ

ಇಡೀ ಯಂತ್ರದಲ್ಲಿ ಹೆಚ್ಚು ಎಚ್ಚರಿಕೆ ಬೇಕಾದ ಭಾಗ ಇದು. ಸಣ್ಣ ಯಂತ್ರಕ್ಕೆ ನಾನು ಅಕ್ಷೀಯ ಹರಿವಿನ ವಿಧಾನವನ್ನು ಶಿಫಾರಸು ಮಾಡುತ್ತೇನೆ. ಇದರಲ್ಲಿ ಬೆಳೆಯು ಡ್ರಮ್ಮಿನ ಒಂದು ತುದಿಯಲ್ಲಿ ಒಳಹೊಕ್ಕು, ಡ್ರಮ್ಮನ್ನು ಸುತ್ತುತ್ತಾ ಉದ್ದಕ್ಕೂ ಸಾಗಿ, ಇನ್ನೊಂದು ತುದಿಯಲ್ಲಿ ಹುಲ್ಲಾಗಿ ಹೊರಬೀಳುತ್ತದೆ. ಮೇಲಿನ ಮುಚ್ಚಳದ ಒಳಬದಿಗೆ ಓರೆಯಾಗಿ ಬೆಸೆದ ತಗಡಿನ ಪಟ್ಟಿಗಳು ಹುಲ್ಲನ್ನು ಮುಂದಕ್ಕೆ ನೂಕುತ್ತವೆ. ಒಂದೇ ತೆನೆಗೆ ಹಲವು ಸಲ ಪೆಟ್ಟು ಬೀಳುವುದರಿಂದ ಪ್ರತಿ ಪೆಟ್ಟು ತೀರಾ ಜೋರಾಗಿರಬೇಕಿಲ್ಲ. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು 1970ರ ದಶಕದಲ್ಲಿ ಈ ಬಗೆಯ ಭತ್ತದ ಯಂತ್ರವನ್ನು ರೂಪಿಸಿ, ಅದರ ನಕ್ಷೆಗಳನ್ನು ಸಣ್ಣ ತಯಾರಕರಿಗೆ ಒದಗಿಸಿತು. ಸಾಧಾರಣ ಶೆಡ್ಡುಗಳಲ್ಲಿಯೂ ಮಾಡಲು ಬರುವ ರಚನೆಯಾದ್ದರಿಂದಲೇ ಅದು ಹಲವು ದೇಶಗಳಿಗೆ ಹರಡಿತು.

ಡ್ರಮ್ಮಿನ ವ್ಯಾಸವನ್ನು ಹಲ್ಲಿನ ತುದಿಯಿಂದ ತುದಿಗೆ 40 ಸೆಂ.ಮೀ., ಉದ್ದವನ್ನು 60ರಿಂದ 70 ಸೆಂ.ಮೀ. ಇಟ್ಟುಕೊಳ್ಳಿ. ಇನ್ನೂ ಸಣ್ಣದು ಮಾಡಿದರೆ ಹುಲ್ಲು ಸುತ್ತಿಕೊಳ್ಳುತ್ತದೆ: 40 ಸೆಂ.ಮೀ. ವ್ಯಾಸದ ಸುತ್ತಳತೆ ಸುಮಾರು 125 ಸೆಂ.ಮೀ. ಆಗುತ್ತದೆ, ಹುಲ್ಲಿನ ಉದ್ದ ಇದಕ್ಕಿಂತ ಸಾಕಷ್ಟು ಕಡಿಮೆ ಇರುವುದು ಕ್ಷೇಮ. ನಿಮ್ಮ ಬೆಳೆಯ ಹುಲ್ಲು ಇದಕ್ಕಿಂತ ಉದ್ದವಾಗಿದ್ದರೆ ಕಟಾವಿನಲ್ಲಿಯೇ ತೆನೆಯನ್ನು ಗಿಡ್ಡವಾಗಿ ಕತ್ತರಿಸುವುದು ಡ್ರಮ್ ದೊಡ್ಡದು ಮಾಡುವುದಕ್ಕಿಂತ ಸುಲಭ.

ಹಲ್ಲುಗಳನ್ನು 12 ಎಂಎಂ ಗುಂಡುಕಂಬಿಯಲ್ಲಿ ಮಾಡಿ, ಬುಡಕ್ಕೆ ನಟ್ಟು ಕೂರುವ ಮರೆ (ಥ್ರೆಡ್) ಹಾಕಿಸಿ, ಪಟ್ಟಿಗೆ ನಟ್ಟಿನಿಂದ ಬಿಗಿಯಿರಿ. ನೇರವಾಗಿ ವೆಲ್ಡ್ ಮಾಡಿದರೆ ಒಂದು ಹಲ್ಲು ಸವೆದಾಗ ಇಡೀ ಡ್ರಮ್ಮನ್ನು ಶೆಡ್ಡಿಗೆ ಹೊರಬೇಕಾಗುತ್ತದೆ. ಪ್ರತಿ ನಟ್ಟಿಗೂ ಸ್ಪ್ರಿಂಗ್ ವಾಷರ್ ಹಾಕುವುದು ಕಡ್ಡಾಯ. ಸಡಿಲವಾಗಿ ಹಾರಿದ ಹಲ್ಲು ಗುಂಡಿನಂತೆ ಚಿಮ್ಮುತ್ತದೆ. ಅದೇ ಕಾರಣಕ್ಕೆ ಡ್ರಮ್ಮಿನ ಮೇಲಿನ ಮುಚ್ಚಳದ ತಗಡು 3 ಎಂಎಂಗಿಂತ ತೆಳುವಾಗಿರಬಾರದು.

ಈಗ ವೇಗದ ಲೆಕ್ಕ. ಕಾಳು ಬಿಡಿಸುವುದು ನಿಮಿಷಕ್ಕೆ ಎಷ್ಟು ಸುತ್ತು ಎಂಬುದಲ್ಲ, ಹಲ್ಲಿನ ತುದಿ ಸೆಕೆಂಡಿಗೆ ಎಷ್ಟು ಮೀಟರ್ ಸಾಗುತ್ತದೆ ಎಂಬುದು. ಇದನ್ನು ಅಂಚಿನ ವೇಗ ಎನ್ನುತ್ತಾರೆ. ವ್ಯಾಸವನ್ನು ಮೀಟರಿನಲ್ಲಿ ಬರೆದು, 3.14ರಿಂದಲೂ ನಿಮಿಷದ ಸುತ್ತುಗಳಿಂದಲೂ ಗುಣಿಸಿ, 60ರಿಂದ ಭಾಗಿಸಿದರೆ ಅಂಚಿನ ವೇಗ ಸಿಗುತ್ತದೆ. ಪ್ರಯೋಗ ಆರಂಭಿಸಲು ಭತ್ತಕ್ಕೆ ಸೆಕೆಂಡಿಗೆ 15ರಿಂದ 20 ಮೀಟರ್, ಗೋಧಿಗೆ ಸುಮಾರು 25 ಮೀಟರ್, ಬೇಳೆಕಾಳುಗಳಿಗೆ 8ರಿಂದ 12 ಮೀಟರ್ ಇಟ್ಟುಕೊಳ್ಳಬಹುದು. ಮೋಟಾರಿಗೆ 100 ಎಂಎಂ ಪುಲ್ಲಿ, ಡ್ರಮ್ಮಿಗೆ 150 ಎಂಎಂ ಪುಲ್ಲಿ ಹಾಕಿದರೆ 1440 ಸುತ್ತು 960ಕ್ಕೆ ಇಳಿದು, 40 ಸೆಂ.ಮೀ. ಡ್ರಮ್ಮಿನಲ್ಲಿ ಅಂಚಿನ ವೇಗ ಸೆಕೆಂಡಿಗೆ 20 ಮೀಟರ್ ಆಗುತ್ತದೆ. ಡ್ರಮ್ಮಿನ ಪುಲ್ಲಿಯನ್ನು 300 ಎಂಎಂಗೆ ಬದಲಿಸಿದರೆ ವೇಗ 10 ಮೀಟರಿಗೆ ಇಳಿದು ಬೇಳೆಕಾಳಿಗೆ ಹೊಂದುತ್ತದೆ. ಅದಕ್ಕೆ ಬೇಕಾದ ಉದ್ದನೆಯ ಬೆಲ್ಟುಗಳನ್ನು ಯಂತ್ರದ ಜೊತೆಗೇ ಇಡಿ.

ಕಾಳು ಸರಿಯಾಗಿ ಬಿಡುತ್ತಿಲ್ಲ ಎಂದ ಕೂಡಲೇ ವೇಗ ಏರಿಸುವುದು ಅತ್ಯಂತ ಸಾಮಾನ್ಯವಾದ ತಪ್ಪು. ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ವೇಗವನ್ನು ಶೇ. 10ರಷ್ಟು ಹೆಚ್ಚಿಸಿದರೆ ಪೆಟ್ಟು ಶೇ. 21ರಷ್ಟು ಜೋರಾಗುತ್ತದೆ. ಕಣ್ಣಿಗೆ ಕಾಣುವಂತೆ ಒಡೆದ ಕಾಳು ಇರಲಿ, ಒಳಗೆ ಬಿರುಕು ಬಿಟ್ಟ ಕಾಳು ಬಿತ್ತನೆಗೆ ಮೊಳೆಯುವುದಿಲ್ಲ. ಬೀಜ ಉಳಿಸಿಕೊಳ್ಳುವ ರೈತನಿಗೆ ಈ ನಷ್ಟ ಮುಂದಿನ ಬಿತ್ತನೆಯ ಹೊತ್ತಿಗಷ್ಟೇ ತಿಳಿಯುತ್ತದೆ.

ಡ್ರಮ್ ಸಿದ್ಧವಾದ ಮೇಲೆ ಸಮತೋಲನ ಮಾಡದೆ ಚೌಕಟ್ಟಿಗೆ ಏರಿಸಬೇಡಿ. 960 ಸುತ್ತಿನಲ್ಲಿ ತಿರುಗುವಾಗ ಅಂಚಿನಲ್ಲಿ ಕೇವಲ 100 ಗ್ರಾಂ ಹೆಚ್ಚು ತೂಕವಿದ್ದರೂ ಅದು ಸುಮಾರು 20 ಕೆ.ಜಿ. ಭಾರದಷ್ಟು ಬಲದಿಂದ ಪ್ರತಿ ಸುತ್ತಿನಲ್ಲಿಯೂ ಬೇರಿಂಗನ್ನು ಎಳೆಯುತ್ತದೆ. ಸಮತೋಲನ ಮಾಡುವುದು ಕಷ್ಟವಲ್ಲ. ಎರಡು ಆಂಗಲ್ ಕಂಬಿಗಳ ಅಂಚನ್ನು ಮೇಲ್ಮುಖವಾಗಿ ನಿಲ್ಲಿಸಿ, ನೀರುಮಟ್ಟದಿಂದ ಸಮ ಮಾಡಿ, ಷಾಫ್ಟಿನ ಎರಡು ತುದಿಗಳನ್ನು ಅವುಗಳ ಮೇಲಿಟ್ಟು ಡ್ರಮ್ಮನ್ನು ಮೆಲ್ಲನೆ ಉರುಳಿಸಿ ಬಿಡಿ. ಭಾರದ ಬದಿ ತಾನಾಗಿ ಕೆಳಕ್ಕೆ ಬಂದು ನಿಲ್ಲುತ್ತದೆ. ಅದರ ಎದುರು ಬದಿಗೆ ವಾಷರುಗಳನ್ನು ಸೇರಿಸುತ್ತಾ, ಎಲ್ಲಿ ಬಿಟ್ಟರೂ ಅಲ್ಲಿಯೇ ನಿಲ್ಲುವವರೆಗೆ ಮುಂದುವರಿಸಿ. ವೆಲ್ಡಿಂಗ್ ಮಾಡುವಾಗಲೂ ಒಂದೇ ಬದಿಯನ್ನು ಪೂರ್ತಿ ಮುಗಿಸದೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬೆಸೆಯುತ್ತಾ ಹೋದರೆ ಡ್ರಮ್ ಸೊಟ್ಟಗಾಗುವುದಿಲ್ಲ.

ಹಳೆಯ ಎಣ್ಣೆ ಅಥವಾ ರಾಸಾಯನಿಕದ ಪೀಪಾಯಿಯನ್ನು ಡ್ರಮ್ಮಿಗೋ ಮುಚ್ಚಳಕ್ಕೋ ಕತ್ತರಿಸಿ ಬಳಸಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಒಳಗೆ ಉಳಿದ ಆವಿಗೆ ಕತ್ತರಿಸುವಾಗಿನ ಕಿಡಿ ತಗುಲಿ ಪೀಪಾಯಿ ಸಿಡಿದು ಜೀವ ಹೋಗಬಹುದು. ಅಲ್ಲದೆ ಆ ತಗಡಿನಲ್ಲಿ ಉಳಿದ ವಿಷ ತಿನ್ನುವ ಕಾಳಿಗೆ ಸೇರುತ್ತದೆ.

5. ಕೆಳಗಿನ ಜಾಲರಿ ಮತ್ತು ಸಂದು

ಡ್ರಮ್ಮಿನ ಕೆಳಭಾಗವನ್ನು ಕಮಾನಿನಂತೆ ಸುತ್ತುವರಿದಿರುವ ಕಂಬಿಗಳ ಜಾಲರಿಯನ್ನು ಶೆಡ್ಡಿನವರು ಕಾನ್‌ಕೇವ್ ಎನ್ನುತ್ತಾರೆ. ಬಿಡಿಸಿದ ಕಾಳು ಇದರ ಸಂದುಗಳಿಂದಲೇ ಕೆಳಗೆ ಬೀಳಬೇಕು. ಹಲ್ಲಿನ ತುದಿಗೂ ಜಾಲರಿಗೂ ನಡುವೆ 20ರಿಂದ 25 ಎಂಎಂ ಅಂತರದಿಂದ ಆರಂಭಿಸಿ. ಜಾಲರಿಯನ್ನು ಚೌಕಟ್ಟಿಗೆ ಬೆಸೆಯದೆ, ಉದ್ದ ತೂತು ಕೊರೆದ ಕಿವಿಗಳಿಗೆ ಬೋಲ್ಟ್ ಹಾಕಿ ನಿಲ್ಲಿಸಿದರೆ ಈ ಅಂತರವನ್ನು ಬೆಳೆಗೆ ತಕ್ಕಂತೆ ಬದಲಿಸಬಹುದು. ಯಂತ್ರದಲ್ಲಿ ಹೊಂದಿಸಬೇಕಾದ ಎಲ್ಲ ಬೋಲ್ಟುಗಳನ್ನೂ ಒಂದೇ ಅಳತೆಯಲ್ಲಿ, ಉದಾಹರಣೆಗೆ ಎಂ10ರಲ್ಲಿ, ಇಟ್ಟುಕೊಂಡರೆ ರೈತನ ಕೈಯಲ್ಲಿ ಒಂದೇ ಸ್ಪ್ಯಾನರ್ ಇದ್ದರೂ ಸಾಕಾಗುತ್ತದೆ. ಬಿಡಿಭಾಗಗಳನ್ನು ಹುಡುಕಿಕೊಂಡು ದೂರ ಹೋಗಬೇಕಾದವರಿಗೆ ಇದು ಸಣ್ಣ ಅನುಕೂಲವೇನಲ್ಲ.

6. ಗಾಳಿ ಮತ್ತು ಜರಡಿ

ತೂರುವಿಕೆಯ ತತ್ತ್ವ ಸರಳವಾದದ್ದು. ಮೇಲ್ಮುಖವಾಗಿ ಬೀಸುವ ಗಾಳಿಯ ಯಾವ ವೇಗದಲ್ಲಿ ಕಾಳು ಬೀಳದೆ ತೇಲಿ ನಿಲ್ಲುತ್ತದೆಯೋ ಅದು ಆ ಕಾಳಿನ ತೇಲುವೇಗ. ಗೋಧಿಗೆ ಇದು ಸೆಕೆಂಡಿಗೆ ಸುಮಾರು 8ರಿಂದ 10 ಮೀಟರ್, ಭತ್ತಕ್ಕೆ ಅದಕ್ಕಿಂತ ಕಡಿಮೆ, ಹೊಟ್ಟಿಗೆ 1ರಿಂದ 3 ಮೀಟರ್. ಇವುಗಳ ನಡುವಿನ, ಅಂದರೆ 4ರಿಂದ 6 ಮೀಟರ್ ವೇಗದ ಗಾಳಿ ಹೊಟ್ಟನ್ನು ಒಯ್ದು ಕಾಳನ್ನು ಬಿಡುತ್ತದೆ. ಫ್ಯಾನಿನ ಎರಡೂ ಬದಿಯ ಗಾಳಿಬಾಯಿಗೆ ಸರಿಸಬಹುದಾದ ತಗಡಿನ ಬಾಗಿಲು ಇಟ್ಟರೆ ಗಾಳಿಯನ್ನು ಹೆಚ್ಚು ಕಡಿಮೆ ಮಾಡಬಹುದು.

ಇಲ್ಲಿ ಬಹಳ ಮಂದಿ ಎಡವುವುದು ಫ್ಯಾನನ್ನು ಡ್ರಮ್ಮಿನ ಷಾಫ್ಟಿನಿಂದಲೇ ಓಡಿಸುವುದರಲ್ಲಿ. ಬೇಳೆಕಾಳಿಗೆಂದು ಡ್ರಮ್ಮಿನ ವೇಗವನ್ನು ಅರ್ಧಕ್ಕೆ ಇಳಿಸಿದಾಗ ಫ್ಯಾನಿನ ವೇಗವೂ ಅರ್ಧಕ್ಕೆ ಇಳಿದು, ಹೊಟ್ಟೆಲ್ಲ ಕಾಳಿನ ಜೊತೆಗೆ ಬರುತ್ತದೆ. ಫ್ಯಾನಿಗೂ ಜರಡಿಗೂ ಮೋಟಾರಿನ ಕಡೆಯಿಂದ ಪ್ರತ್ಯೇಕ ಬೆಲ್ಟ್ ಕೊಡಿ.

ಜರಡಿ ಎರಡು ಇರಲಿ: ಕಾಳಿಗಿಂತ ಸ್ವಲ್ಪ ದೊಡ್ಡ ತೂತಿನ ಮೇಲಿನದು ಹುಲ್ಲಿನ ತುಂಡುಗಳನ್ನು ತಡೆಯುತ್ತದೆ, ಕಾಳಿಗಿಂತ ಸಣ್ಣ ತೂತಿನ ಕೆಳಗಿನದು ಮಣ್ಣನ್ನೂ ನುಚ್ಚನ್ನೂ ಬಿಡುತ್ತದೆ. ಕಾಳು ಜಾರುವ ತಗಡುಗಳನ್ನು 45 ಡಿಗ್ರಿಗೆ ಓರೆಯಾಗಿ ಇಟ್ಟರೆ ಎಲ್ಲಿಯೂ ಗುಡ್ಡೆ ಬೀಳುವುದಿಲ್ಲ.

7. ಚೌಕಟ್ಟು, ಬೇರಿಂಗ್, ಬೆಲ್ಟ್

ಚೌಕಟ್ಟಿಗೆ 40 ಅಥವಾ 50 ಎಂಎಂ ಆಂಗಲ್ ಸಾಕು, ಆದರೆ ಮೂಲೆಗಳಿಗೆ ಓರೆಪಟ್ಟಿ ಹಾಕಬೇಕು. ಡ್ರಮ್ಮಿನ ಷಾಫ್ಟ್ 30 ಎಂಎಂಗಿಂತ ಸಪೂರ ಬೇಡ. ಅದಕ್ಕೆ ಯುಸಿಪಿ 206 ಎಂಬ ಗುರುತಿನ, ಕಾಲುಗಳಿರುವ ಬೇರಿಂಗ್ ಹೊಂದುತ್ತದೆ. ಚೌಕಟ್ಟು ವೆಲ್ಡಿಂಗ್‌ನಲ್ಲಿ ಸ್ವಲ್ಪ ಬಾಗಿದ್ದರೂ ಈ ಬೇರಿಂಗ್ ತಾನೇ ಹೊಂದಿಕೊಳ್ಳುವುದರಿಂದ ಸಣ್ಣ ಶೆಡ್ಡಿನ ಕೆಲಸಕ್ಕೆ ಇದೇ ಸೂಕ್ತ. ಬೆಲ್ಟ್ ಅತಿ ಬಿಗಿಯಾದರೆ ಬೇರಿಂಗ್ ಕಾಯುತ್ತದೆ, ಸಡಿಲವಾದರೆ ಜಾರುತ್ತದೆ. ಎರಡು ಪುಲ್ಲಿಗಳ ನಡುವೆ ಬೆರಳಿನಿಂದ ಒತ್ತಿದಾಗ ಪ್ರತಿ ಮೀಟರ್ ಅಂತರಕ್ಕೆ ಸುಮಾರು 16 ಎಂಎಂ ತಗ್ಗಿದರೆ ಸರಿಯಾಗಿದೆ. ಕಾಳು ತಾಗುವ ಒಳಭಾಗಗಳಿಗೆ ಬಣ್ಣ ಬಳಿಯಬೇಡಿ.

8. ಊಡಿಕೆ ದೋಣಿ ಮತ್ತು ರಕ್ಷಣೆ

ತೆನೆಯನ್ನು ಡ್ರಮ್ಮಿಗೆ ಊಡುವ ತಗಡಿನ ದೋಣಿಯ ಬಗ್ಗೆ ಯಾವ ರಾಜಿಗೂ ಒಪ್ಪಬೇಡಿ. ಒಕ್ಕಣೆ ಯಂತ್ರದಲ್ಲಿ ಕೈ, ಬೆರಳು ಕಳೆದುಕೊಂಡವರ ಅಪಘಾತಗಳು ಹೆಚ್ಚಾಗಿ ಆಗುವುದು ಇದೇ ಬಾಯಿಯಲ್ಲಿ. ದೋಣಿಯ ಒಟ್ಟು ಉದ್ದ ಕನಿಷ್ಠ 90 ಸೆಂ.ಮೀ. ಇರಬೇಕು, ಅದರಲ್ಲಿ ಡ್ರಮ್ಮಿನ ಕಡೆಯ 45 ಸೆಂ.ಮೀ. ಮೇಲಿನಿಂದ ಮುಚ್ಚಿರಬೇಕು. ಚಾಚಿದ ಕೈ ಹಲ್ಲನ್ನು ಮುಟ್ಟಬಾರದೆಂಬುದೇ ಈ ಅಳತೆಯ ಉದ್ದೇಶ. ತಯಾರಿಸಿದ ಮೇಲೆ ಯಂತ್ರ ನಿಂತಿರುವಾಗ, ನಿಮ್ಮಲ್ಲಿ ಅತ್ಯಂತ ಉದ್ದ ತೋಳಿನವರಿಂದ ಕೈ ಚಾಚಿಸಿ ಪರೀಕ್ಷಿಸಿ. ತಗಡು ಉಳಿಸಲೆಂದು ದೋಣಿಯನ್ನು ಗಿಡ್ಡ ಮಾಡಿಕೊಡಿ ಎಂದು ಕೇಳುವ ಗಿರಾಕಿಗೆ ಇಲ್ಲ ಎನ್ನುವ ಧೈರ್ಯ ತಯಾರಕನಿಗೆ ಇರಬೇಕು.

ಬೆಲ್ಟ್, ಪುಲ್ಲಿಗಳಿಗೆ ಜಾಲರಿಯ ಮುಚ್ಚಳ ಹಾಕಿ. ಮೋಟಾರಿನ ಸ್ವಿಚ್ ಊಡುವವರ ಕೈಗೆಟುಕುವ ಕಡೆ ಇರಲಿ, ಮೋಟಾರಿನ ಮೈಗೆ ಅರ್ಥಿಂಗ್ ತಪ್ಪದೆ ಕೊಡಿ. ಸ್ವಿಚ್ ಆರಿಸಿದ ಮೇಲೂ ಡ್ರಮ್ ತನ್ನ ಓಟದಲ್ಲಿಯೇ ಸ್ವಲ್ಪ ಹೊತ್ತು ತಿರುಗುತ್ತದೆ. ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡದೆ ಮುಚ್ಚಳ ತೆರೆಯಬಾರದು ಎಂದು ದೋಣಿಯ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆಸಿ.

9. ಪರೀಕ್ಷೆ

ಮೊದಲು ಬೆಳೆ ಹಾಕದೆ ಅರ್ಧ ಗಂಟೆ ಓಡಿಸಿ. ಬಳಿಕ ನಿಲ್ಲಿಸಿ, ಬೇರಿಂಗಿನ ಮೇಲೆ ಕೈ ಇಟ್ಟು ನೋಡಿ. ಕೈ ಇಡಲಾಗದಷ್ಟು ಕಾದಿದ್ದರೆ ಬೆಲ್ಟ್ ಬಿಗಿಯಾಗಿದೆ ಅಥವಾ ಷಾಫ್ಟ್ ಸೊಟ್ಟಗಿದೆ. ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿದು, ಅನಂತರವೇ ಬೆಳೆ ಊಡಿ.

ನೆಲಕ್ಕೆ ಟಾರ್ಪಾಲಿನ್ ಹಾಸಿ, ಯಂತ್ರದ ಓಟ ಒಂದೇ ಹದಕ್ಕೆ ಬಂದ ಮೇಲೆ, ಸರಿಯಾಗಿ ಒಂದು ನಿಮಿಷ ಪ್ರತಿ ಬಾಯಿಯಿಂದ ಬಂದದ್ದನ್ನು ಬೇರೆ ಬೇರೆಯಾಗಿ ಹಿಡಿಯಿರಿ. ಉದಾಹರಣೆಗೆ ಮುಖ್ಯ ಬಾಯಿಯಿಂದ 4 ಕೆ.ಜಿ. ಕಾಳು, ಹುಲ್ಲಿನ ಜೊತೆ 80 ಗ್ರಾಂ ಬಿಡಿ ಕಾಳು, ಫ್ಯಾನಿನ ಗಾಳಿಯೊಡನೆ ಹಾರಿದ್ದು 60 ಗ್ರಾಂ, ಬಿಡಿಸದೆ ತೆನೆಯಲ್ಲಿಯೇ ಉಳಿದದ್ದು 40 ಗ್ರಾಂ, ಕೆಳಜರಡಿಯಿಂದ ಸೋರಿದ್ದು 20 ಗ್ರಾಂ ಇದೆ ಎಂದುಕೊಳ್ಳಿ. ಒಟ್ಟು 4,200 ಗ್ರಾಂನಲ್ಲಿ 200 ಗ್ರಾಂ, ಅಂದರೆ ಶೇ. 4.8ರಷ್ಟು ನಷ್ಟ. ಒಟ್ಟು ನಷ್ಟ ಶೇ. 5ರೊಳಗೆ, ಒಡೆದ ಕಾಳು ಶೇ. 2ರೊಳಗೆ ಇರುವುದು ಒಳ್ಳೆಯ ಗುರಿ. ಒಡೆದ ಕಾಳಿನ ಲೆಕ್ಕಕ್ಕೆ ಮುಖ್ಯ ಬಾಯಿಯ ಕಾಳಿನಿಂದ 100 ಗ್ರಾಂ ತೆಗೆದು, ಒಡೆದದ್ದನ್ನು ಆರಿಸಿ ತೂಗಿದರೆ ಗ್ರಾಂ ಎಷ್ಟೋ ಅಷ್ಟೇ ಶೇಕಡಾವಾರು.

ಒಟ್ಟು ಅಂಕಿಗಿಂತ ನಷ್ಟ ಎಲ್ಲಿ ಆಗುತ್ತಿದೆ ಎಂಬುದೇ ಹೆಚ್ಚು ಮುಖ್ಯ. ಹುಲ್ಲಿನ ಜೊತೆ ಕಾಳು ಹೋಗುತ್ತಿದ್ದರೆ ಊಡುವುದು ಅತಿಯಾಗಿದೆ ಅಥವಾ ಜಾಲರಿ ಕಟ್ಟಿಕೊಂಡಿದೆ. ಗಾಳಿಯಲ್ಲಿ ಹಾರುತ್ತಿದ್ದರೆ ಫ್ಯಾನಿನ ಬಾಗಿಲನ್ನು ಸ್ವಲ್ಪ ಮುಚ್ಚಿ. ತೆನೆಯಲ್ಲಿಯೇ ಉಳಿಯುತ್ತಿದ್ದರೆ ಮೊದಲು ತೇವಾಂಶ ನೋಡಿ, ಬಳಿಕ ಜಾಲರಿಯನ್ನು ಹತ್ತಿರಕ್ಕೆ ತನ್ನಿ, ಕೊನೆಯ ಉಪಾಯವಾಗಿ ಮಾತ್ರ ವೇಗ ಏರಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ.

ಬೆಳೆ ಊಡುತ್ತಿರುವಾಗ ಮೋಟಾರು ಎಳೆಯುವ ಕರೆಂಟನ್ನು ಕ್ಲ್ಯಾಂಪ್ ಮೀಟರಿನಿಂದ ನೋಡಿ, ಮೋಟಾರಿನ ಫಲಕದಲ್ಲಿ ಬರೆದಿರುವ ಆಂಪಿಯರ್‌ಗೆ ಹೋಲಿಸಿ. ಅದನ್ನು ಮೀರುತ್ತಿದ್ದರೆ ಊಡುವ ಪ್ರಮಾಣ ಇಳಿಸಬೇಕು, ತೀರಾ ಕೆಳಗಿದ್ದರೆ ಮುಂದಿನ ಯಂತ್ರಕ್ಕೆ ಇನ್ನೂ ಸಣ್ಣ ಮೋಟಾರು ಸಾಕು.

10. ರೈತರಿಗೆ ಒಪ್ಪಿಸುವಾಗ

ನಿಮ್ಮ ಶೆಡ್ಡಿನ ಪರೀಕ್ಷೆಯಲ್ಲಿ ಗೆದ್ದ ಯಂತ್ರವನ್ನು, ಅದನ್ನು ಬಳಸುವವರೇ ಅವರ ಹೊಲದಲ್ಲಿ ಓಡಿಸುವಾಗ ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿ. ದೋಣಿಯ ಎತ್ತರಕ್ಕೆ ಬೆನ್ನು ಬಗ್ಗುತ್ತದೆಯೇ, ಧೂಳು ಊಡುವವರ ಮುಖಕ್ಕೇ ಬರುತ್ತದೆಯೇ, ಕಾಳಿನ ಬಾಯಿಯ ಕೆಳಗೆ ಚೀಲ ಹಿಡಿಯಲು ಜಾಗವಿದೆಯೇ ಎಂಬುದು ಆಗ ತಿಳಿಯುತ್ತದೆ. ಹೆಂಗಸರೇ ಹೆಚ್ಚಾಗಿ ಊಡುವ ಕಡೆ ದೋಣಿಯ ಎತ್ತರವನ್ನು ಅವರ ಮೊಣಕೈ ಮಟ್ಟಕ್ಕೆ ಹೊಂದಿಸಿ.

ಯಂತ್ರದ ಜೊತೆಗೆ ಹತ್ತು ಹಲ್ಲು, ಅವುಗಳ ನಟ್ಟು ಮತ್ತು ವಾಷರ್, ಒಂದು ಜೊತೆ ಬೆಲ್ಟ್, ಒಂದು ಬೇರಿಂಗ್, ಗ್ರೀಸ್ ಡಬ್ಬಿ, ಸ್ಪ್ಯಾನರ್ ಮತ್ತು ಎರಡನೆಯ ಬೆಳೆಯ ಜರಡಿ ಕೊಡಿ. ಬೆಲ್ಟ್ ಹಾಗೂ ಬೇರಿಂಗಿನ ನಂಬರುಗಳನ್ನು, ಪ್ರತಿ ಬೆಳೆಗೆ ಪುಲ್ಲಿ ಯಾವುದು, ಸಂದು ಎಷ್ಟು, ಫ್ಯಾನಿನ ಬಾಗಿಲು ಎಲ್ಲಿರಬೇಕು ಎಂಬುದನ್ನು ತಗಡಿನ ಫಲಕದಲ್ಲಿ ಕೊರೆಸಿ ಚೌಕಟ್ಟಿಗೇ ಬಿಗಿಯಿರಿ. ಕಾಗದದಲ್ಲಿ ಬರೆದುಕೊಟ್ಟದ್ದು ಮುಂದಿನ ಸುಗ್ಗಿಯವರೆಗೆ ಉಳಿಯುವುದಿಲ್ಲ. ದಿನದ ಕೆಲಸ ಮುಗಿದ ಮೇಲೆ ಹಲ್ಲಿನ ನಟ್ಟುಗಳನ್ನು ಪರಿಶೀಲಿಸುವುದನ್ನು ಒಮ್ಮೆ ಮಾಡಿ ತೋರಿಸಿ, ಎರಡನೆಯ ಸಲ ಅವರಿಂದಲೇ ಮಾಡಿಸಿ.